ಯಾನಹಿಂಸೆಯೂ ಸಮುತ್ಥಾನವ್ಯಯವೂ

ಎತ್ತಿನ ಮೂಗುದಾರವು ಹರಿದುಹೋಗಿ, ಹಿಡಿತ ತಪ್ಪಿದ ಬಂಡಿಯು ದಾರಿಹೋಕನೊಬ್ಬನ ಮೇಲೆ ಹಾಯ್ದರೆ ಅದು ಯಾರ ಅಪರಾಧವು? ಎತ್ತಿನದೋ, ಬಂಡಿ ಹೊಡೆಯುವವನದೋ, ಬಂಡಿಯ ಒಡೆಯನದೋ, ಅಥವಾ ಯಾರದೂ ಅಲ್ಲವೋ? ಇಂತಹ ಪ್ರಶ್ನೆಗಳು ಮೋಟಾರು ಬಂದ ಮೇಲೆ ಹುಟ್ಟಿದವೆಂದು ಎಣಿಸುವವರು ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಋಣಾದಾನ, ನಿಕ್ಷೇಪ, ಸೀಮಾವಿವಾದ ಮೊದಲಾದ ವ್ಯವಹಾರಪದಗಳನ್ನು ವಿವರಿಸಿ, ಹೊಡೆದಾಟ ಗಾಯಗಳ ವಿಷಯವಾದ ದಂಡಪಾರುಷ್ಯಕ್ಕೆ ಬಂದಾಗ ಸ್ಮೃತಿಕಾರನು ಒಂಬತ್ತು ಶ್ಲೋಕಗಳನ್ನು ಬಂಡಿಯಿಂದಾಗುವ ಹಿಂಸೆಗಾಗಿಯೇ ಮೀಸಲಿಟ್ಟಿದ್ದಾನೆ.

ಅಲ್ಲಿ ಮೊದಲು ಹೇಳಿರುವುದು ದಂಡವನ್ನಲ್ಲ, ದಂಡವಿಲ್ಲದ ಸಂದರ್ಭಗಳನ್ನು. ಅವು ಹತ್ತು. ಮೂಗುದಾರ ಹರಿಯುವುದು, ನೊಗ ಮುರಿಯುವುದು, ಬಂಡಿಯು ಅಡ್ಡಕ್ಕೆ ತಿರುಗುವುದು, ಹಿಂದಕ್ಕೆ ಸರಿಯುವುದು, ಅಚ್ಚು ಮುರಿಯುವುದು, ಚಕ್ರ ಮುರಿಯುವುದು, ಕಟ್ಟುಗಳು ಕಡಿದುಹೋಗುವುದು, ಕೊರಳಹಗ್ಗ ಹರಿಯುವುದು, ಹಿಡಿಹಗ್ಗ ಹರಿಯುವುದು. ಕಡೆಯದಾಗಿ, ಬಂಡಿ ಹೊಡೆಯುವವನು ‘ಅಪೇಹಿ’, ಎಂದರೆ ‘ದೂರ ಸರಿ’ ಎಂದು ಕೂಗಿಕೊಂಡಿರುವುದು. ಈ ಹತ್ತನೆಯದನ್ನು ಓದಿದಾಗ ಇಂದಿನ ಮೋಟಾರಿನ ಹಾರ್ನು ನೆನಪಿಗೆ ಬಾರದೆ ಇರದು. ಹಾರ್ನು ಬಾರಿಸಿದೆನೆಂಬ ಒಂದೇ ಮಾತಿನಿಂದ ತಾನು ಪಾರಾದೆನೆಂದು ನಂಬುವ ಚಾಲಕರು ಈಗಲೂ ಉಂಟು. ಆದರೆ ಇಂದಿನ ನ್ಯಾಯಾಸ್ಥಾನಗಳು ಅಷ್ಟರಿಂದಲೇ ಅವರನ್ನು ಬಿಡುವುದಿಲ್ಲ. ಉಳಿದ ಒಂಬತ್ತರಲ್ಲಿ ಬಹುಭಾಗವು ಸಲಕರಣೆಯು ಕೈಕೊಟ್ಟ ಸಂದರ್ಭಗಳೇ. ಹಗ್ಗವು ಹರಿಯಿತು, ಅಚ್ಚು ಮುರಿಯಿತು, ಮನುಷ್ಯನು ಮಾಡಬಹುದಾದುದು ಏನೂ ಇರಲಿಲ್ಲ ಎಂಬುದು ಅವುಗಳ ಆಶಯವು. ಆ ಹಗ್ಗವು ಹೊಸದಾಗಿದ್ದಿತೋ ಹಳೆಯದಾಗಿದ್ದಿತೋ, ಹೊರಡುವ ಮೊದಲು ಅಚ್ಚನ್ನು ಪರೀಕ್ಷಿಸಿದವರುಂಟೋ ಎಂಬ ಪ್ರಶ್ನೆಯನ್ನು ಆ ಶ್ಲೋಕಗಳು ಎತ್ತುವುದಿಲ್ಲ. ಆ ಪ್ರಶ್ನೆಯು ಬಹುಕಾಲದ ಮೇಲೆ, ಬೇರೆ ಹಾದಿಯಲ್ಲಿ ಬಂದಿತು.

ಈ ಹತ್ತನ್ನು ಬಿಟ್ಟು ಮಿಕ್ಕೆಡೆಯಲ್ಲಿ ದಂಡವುಂಟು. ಸಾರಥಿಯ ನೈಪುಣ್ಯವಿಲ್ಲದಿರುವುದರಿಂದ ಬಂಡಿಯು ದಾರಿ ಬಿಟ್ಟು ಹಿಂಸೆಯುಂಟಾದರೆ ಒಡೆಯನಿಗೆ ಇನ್ನೂರು ಪಣ. ಸಾರಥಿಯು ನಿಪುಣನೇ ಆಗಿದ್ದರೆ ದಂಡವು ಅವನಿಗೇ. ಅನಿಪುಣನೆಂದು ತಿಳಿದೂ ಅಂಥವನ ಬಂಡಿಯಲ್ಲಿ ಕುಳಿತವರು ಒಬ್ಬೊಬ್ಬರೂ ನೂರು ನೂರು ಪಣ ತೆರಬೇಕು. ತರ್ಕವು ಸ್ಪಷ್ಟವಾಗಿದೆ. ಅಯೋಗ್ಯನನ್ನು ನೇಮಿಸಿದುದು ಒಡೆಯನ ತಪ್ಪು, ಯೋಗ್ಯನು ಎಚ್ಚರ ತಪ್ಪಿದುದು ಯೋಗ್ಯನದೇ ತಪ್ಪು. ತಪ್ಪು ಎಲ್ಲಿಯೋ ಹೊಣೆ ಅಲ್ಲಿ. ಇಂದಿನ ಕಾಯಿದೆಯು ಈ ಸ್ಥಳದಲ್ಲಿ ಸ್ಮೃತಿಯಿಂದ ಪೂರ್ತಿಯಾಗಿ ಅಗಲಿದೆ. ಚಾಲಕನು ಎಷ್ಟೇ ನಿಪುಣನಾಗಿರಲಿ, ಒಡೆಯನ ಕೆಲಸದ ಮೇಲೆ ಇದ್ದಾಗ ಅವನು ಮಾಡಿದ ಅನವಧಾನಕ್ಕೆ ಒಡೆಯನೂ ಹೊಣೆ. ಏತಕ್ಕೆಂದರೆ, ಗಾಯಗೊಂಡವನಿಗೆ ಬೇಕಾದುದು ನೀತಿಯ ತಕ್ಕಡಿಯಲ್ಲ, ಔಷಧದ ಹಣ. ಆ ಹಣವು ಚಾಲಕನ ಬಳಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕೌಟಿಲ್ಯನು ಇದೇ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ಮಾತನಾಡುತ್ತಾನೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಸಂಗತಿಯು ಕನ್ನಡಿಗರಿಗೆ ವಿದಿತವೇ ಇದೆ. ಅದರ ನಾಲ್ಕನೆಯ ಅಧಿಕರಣದ ಕೊನೆಗೆ ಬಂಡಿಯ ಮಾತು ಬರುತ್ತದೆ. ಬಂಡಿ, ಪಶು, ಜನರ ನೂಕುನುಗ್ಗಲಿನಲ್ಲಿ ಆದ ಹಿಂಸೆಗೆ ಕೌಟಿಲ್ಯನು ವಿನಾಯಿತಿ ಕೊಡುತ್ತಾನೆ. ಮನುವಾದರೋ, ದಾರಿಯಲ್ಲಿ ಪಶುಗಳೋ ರಥವೋ ಅಡ್ಡವಾಗಿರುವಾಗ ನಿಲ್ಲದೆ ಪ್ರಾಣಿವಧೆ ಮಾಡಿದವನಿಗೆ ವಿಚಾರವೇ ಇಲ್ಲದೆ ದಂಡವೆನ್ನುತ್ತಾನೆ. ಸಂದಣಿಯ ಪೇಟೆಬೀದಿಗಳನ್ನು ಕಂಡವರಿಗೆ ಮನುವಿನ ಮಾತೇ ಹೆಚ್ಚು ಸಮಂಜಸವೆಂದು ತೋರೀತು. ದಾರಿಯು ಇಕ್ಕಟ್ಟಾದಷ್ಟೂ ಎಚ್ಚರವು ಹೆಚ್ಚಬೇಕಲ್ಲದೆ ಕುಗ್ಗಬಾರದಷ್ಟೆ. ಬಂಡಿ ಹೊಡೆಯುವವನು ಬಾಲಕನಾಗಿದ್ದರೆ ಒಳಗೆ ಕುಳಿತ ಒಡೆಯನಿಗೆ ದಂಡ, ಬಾಲಕನು ನಡೆಸುವ ಬಂಡಿಯನ್ನು ರಾಜನು ತೆಗೆದುಕೊಳ್ಳಬೇಕು ಎಂಬ ವಿಧಿಯೂ ಅಲ್ಲಿ ಇದೆ. 2019ರ ತಿದ್ದುಪಾಟಿನಲ್ಲಿ ಮೋಟಾರು ಕಾಯಿದೆಗೆ ಸೇರಿದ 199-ಎ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಪ್ರಾಯ ತುಂಬದ ಹುಡುಗನು ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕನೋ ಒಡೆಯನೋ ತಪ್ಪಿತಸ್ಥನು. ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದು. ಎರಡು ಸಾವಿರ ವರ್ಷಗಳಷ್ಟು ಅಂತರವುಳ್ಳ ಇಬ್ಬರು ಶಾಸನಕಾರರು ಮಗನ ಕೈಗೆ ಹಗ್ಗವನ್ನು ಕೊಟ್ಟ ತಂದೆಯ ವಿಷಯದಲ್ಲಿ ಹೀಗೆ ಒಂದೇ ಮನಸ್ಸಿನವರಾಗಿದ್ದಾರೆ.

ಇಷ್ಟೆಲ್ಲ ವಿವೇಚನೆಯಿದ್ದರೂ ಆ ಪ್ರಾಚೀನ ವಿಧಿಗಳಲ್ಲಿ ಒಂದು ಕೊರತೆಯುಂಟು. ಇನ್ನೂರು ಪಣವು ಹೋಗುತ್ತಿದ್ದುದು ಎಲ್ಲಿಗೆ? ಅದು ದಂಡ, ದಂಡವು ರಾಜನ ಬೊಕ್ಕಸಕ್ಕೆ. ಚಕ್ರದಡಿಯಲ್ಲಿ ಕಾಲು ಕಳೆದುಕೊಂಡವನ ಮನೆಯ ಮಾತು ಆ ಒಂಬತ್ತು ಶ್ಲೋಕಗಳಲ್ಲಿ ಬರುವುದಿಲ್ಲ. ಅವುಗಳಿಗೆ ತುಸು ಹಿಂದೆ, ಹೊಡೆದಾಟದ ಗಾಯಗಳನ್ನು ಕುರಿತು ಹೇಳುವಲ್ಲಿ ಮಾತ್ರ, ಗಾಯಮಾಡಿದವನು ಗಾಯಗೊಂಡವನಿಗೆ ‘ಸಮುತ್ಥಾನವ್ಯಯ’ವನ್ನು ತೆರಬೇಕೆಂದು ಇದೆ. ಬಿದ್ದವನು ಎದ್ದುನಿಲ್ಲುವುದಕ್ಕೆ ತಗಲುವ ವೆಚ್ಚವೆಂದು ಈ ಪದದ ಅರ್ಥವು. ಯಾಜ್ಞವಲ್ಕ್ಯನೂ ಇದನ್ನೇ ವಿಧಿಸಿ, ಅದರ ಜೊತೆಗೆ ದಂಡವೂ ಉಂಟೆಂದು ಎರಡನ್ನೂ ಬಿಡಿಸಿ ಹೇಳಿದ್ದಾನೆ. ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಇಂದಿನ ಬಸವಕಲ್ಯಾಣವೇ ಅದು. ಪೆಟ್ಟು, ಚಿಕಿತ್ಸೆ, ವೆಚ್ಚ, ದಂಡ ಇವುಗಳನ್ನು ಬೇರೆಬೇರೆಯಾಗಿ ಎಣಿಸುವ ಕ್ರಮವು ಹೀಗೆ ಕನ್ನಡನಾಡಿನ ಒಂದು ರಾಜಧಾನಿಯಲ್ಲಿ ವ್ಯಾಖ್ಯಾನಗೊಂಡಿತ್ತು. ಈ ಸ್ಮೃತಿಗಳು ವರ್ಣಕ್ಕೆ ತಕ್ಕಂತೆ ದಂಡವನ್ನು ಏರಿಸಿ ಇಳಿಸಿದವುಗಳೆಂಬುದನ್ನು ಮರೆಮಾಚಬೇಕಾದುದಿಲ್ಲ. ಸಮನ್ಯಾಯವನ್ನು ಅವುಗಳಲ್ಲಿ ಅರಸುವುದು ವ್ಯರ್ಥ. ಆದರೆ ಸಮುತ್ಥಾನವ್ಯಯವೆಂಬ ಆ ಒಂದು ಪದವು ಬಹು ದೊಡ್ಡದು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಹಿಂದೂ ಧರ್ಮಶಾಸ್ತ್ರವನ್ನು ದಾಯ, ವಿವಾಹ, ಮತಾಚಾರಗಳಷ್ಟಕ್ಕೆ ಮೊಟಕುಗೊಳಿಸಿದ ಮೇಲೆ ಮಿತಾಕ್ಷರೆಯು ವಕೀಲರ ಕೈಯಲ್ಲಿ ಆಸ್ತಿ ಹಂಚುವ ಗ್ರಂಥವಾಗಿ ಉಳಿಯಿತು. ಗಾಯ, ಗಾಡಿಗಳ ಭಾಗವು ಪಾಠಶಾಲೆಯ ವಿದ್ಯಾರ್ಥಿಗಳ ಪಾಲಿಗೆ ಬಂದಿತು.

ಅದರ ಸ್ಥಾನದಲ್ಲಿ ಬಂದುದು ಆಂಗ್ಲರ ನ್ಯಾಯ. ಆ ನ್ಯಾಯವು ಆಗ ಯಾವ ಸ್ಥಿತಿಯಲ್ಲಿದ್ದಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1808ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆಕೋಚೊಂದು ಮಗುಚಿ, ಅದರ ಮೇಲೆ ಕುಳಿತಿದ್ದ ಒಬ್ಬನಿಗೂ ಅವನ ಹೆಂಡತಿಗೂ ಪೆಟ್ಟಾಗಿ, ಹೆಂಡತಿಯು ಸುಮಾರು ಒಂದು ತಿಂಗಳ ಮೇಲೆ ತೀರಿಕೊಂಡಳು. ಮುಖ್ಯ ನ್ಯಾಯಾಧೀಶನಾದ ಎಲೆನ್‌ಬರೋ ಪ್ರಭುವು, ಮನುಷ್ಯನೊಬ್ಬನ ಸಾವು ದಿವಾಣಿ ನ್ಯಾಯಾಸ್ಥಾನದಲ್ಲಿ ಹಾನಿಯೆಂದು ದೂರತಕ್ಕ ವಿಷಯವಲ್ಲವೆಂದು ನಿರ್ಣಯಿಸಿದನು. ಹೆಂಡತಿಯು ಬದುಕಿದ್ದ ಆ ತಿಂಗಳಿನವರೆಗಿನ ನಷ್ಟಕ್ಕೆ ಗಂಡನಿಗೆ ಹಣ ದೊರೆಯಿತು, ಅವಳು ಸತ್ತ ಕ್ಷಣದಿಂದ ಮುಂದಕ್ಕೆ ಏನೂ ಇಲ್ಲ. ಕಾಲು ಮುರಿದರೆ ತೆರಬೇಕು, ಕೊಂದರೆ ತೆರಬೇಕಾಗಿಲ್ಲ ಎಂಬಂತಾಯಿತು ಇದು. ಮತ್ತೊಂದು ಕಡೆಯಲ್ಲಿ, ಸಾವಿಗೆ ಕಾರಣವಾದ ಬಂಡಿಯೋ ಕುದುರೆಯೋ ದೊರೆಗೆ ಸೇರತಕ್ಕದ್ದೆಂಬ ‘ಡಿಯೋಡಾಂಡ್’ ಎಂಬ ಮಧ್ಯಯುಗದ ಪದ್ಧತಿಯೂ ಅಲ್ಲಿ ಜೀವಂತವಾಗಿತ್ತು. ರೈಲುಗಳು ಬಂದು ಒಂದೊಂದು ಅಪಘಾತದಲ್ಲಿ ಹಲವರು ಸಾಯಲಾರಂಭಿಸಿದ ಮೇಲೆ ಈ ಎರಡು ವಿಪರೀತಗಳನ್ನೂ ಒಂದೇ ವರ್ಷದಲ್ಲಿ, 1846ರಲ್ಲಿ, ತೊಲಗಿಸಲಾಯಿತು. ಡಿಯೋಡಾಂಡ್ ರದ್ದಾಯಿತು, ಕ್ಯಾಂಬೆಲ್ ಪ್ರಭುವಿನ ಕಾಯಿದೆಯು ಸತ್ತವನ ಹೆಂಡತಿಮಕ್ಕಳಿಗೆ ದಾವಾ ಹೂಡುವ ಹಕ್ಕನ್ನು ಕೊಟ್ಟಿತು. ಅದರ ಅಚ್ಚಿನಲ್ಲಿಯೇ ಹಿಂದೂಸ್ಥಾನಕ್ಕೆ 1855ರ ಹದಿಮೂರನೆಯ ಕಾಯಿದೆ ಬಂದಿತು. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಇಷ್ಟು ಜನಕ್ಕೆ ಮಾತ್ರ ಅದರ ಪ್ರಯೋಜನವು. ಅಣ್ಣತಮ್ಮಂದಿರು, ವಿಧವೆಯಾದ ಅಕ್ಕ, ಸೋದರತ್ತೆ ಇವರೆಲ್ಲ ಒಬ್ಬನ ದುಡಿಮೆಯಲ್ಲಿ ಉಣ್ಣುವ ಈ ದೇಶದ ಮನೆಯನ್ನು ಲಂಡನ್ನಿನ ಆ ಅಚ್ಚು ಅರಿತಿರಲಿಲ್ಲ.

ಅದೇ ಎಲೆನ್‌ಬರೋ ಪ್ರಭುವು ಮಾರನೆಯ ವರ್ಷ, 1809ರಲ್ಲಿ, ಇನ್ನೊಂದು ಕಠಿಣ ನಿಯಮವನ್ನು ಸ್ಥಿರಪಡಿಸಿದನು. ಡಾರ್ಬಿ ಪಟ್ಟಣದಲ್ಲಿ ಒಬ್ಬನು ತನ್ನ ಮನೆಯ ರಿಪೇರಿಗಾಗಿ ದಾರಿಗೆ ಅಡ್ಡಲಾಗಿ ಗಳುವನ್ನು ಹಾಕಿದ್ದನು. ಸಂಜೆಯಲ್ಲಿ ಕುದುರೆಯನ್ನು ಬಿರುಸಾಗಿ ಓಡಿಸಿಕೊಂಡು ಬಂದವನೊಬ್ಬನು ಅದಕ್ಕೆ ತಗಲಿ ಬಿದ್ದನು. ಬಿದ್ದವನಲ್ಲಿಯೂ ಅಜಾಗರೂಕತೆ ಇದ್ದುದರಿಂದ ಅವನಿಗೆ ಬಿಡಿಕಾಸೂ ಸಲ್ಲದೆಂದು ತೀರ್ಪಾಯಿತು. ಇದರ ಉಗ್ರತೆಯನ್ನು ತಗ್ಗಿಸಿದುದು 1842ರ ಒಂದು ಕತ್ತೆಯ ಮೊಕದ್ದಮೆ. ಮುಂಗಾಲುಗಳನ್ನು ಕಟ್ಟಿ ಹೆದ್ದಾರಿಯ ಬದಿಯಲ್ಲಿ ಮೇಯಲು ಬಿಟ್ಟಿದ್ದ ಕತ್ತೆಯ ಮೇಲೆ ಮೂರು ಕುದುರೆಗಳ ಬಂಡಿಯು ವೇಗವಾಗಿ ಹಾಯ್ದಿತು. ಕತ್ತೆಯನ್ನು ಹಾಗೆ ಬಿಟ್ಟುದು ತಪ್ಪಾದರೂ, ಸಾಧಾರಣ ಎಚ್ಚರದಿಂದ ಬಂಡಿಯವನು ಅದನ್ನು ತಪ್ಪಿಸಬಹುದಾಗಿತ್ತೆಂದು ಕತ್ತೆಯ ಒಡೆಯನಿಗೆ ಹಣ ಕೊಡಿಸಿದರು. ಮನುವು ಕತ್ತೆಯ ವಧೆಗೆ ಐದು ಮಾಷವೆಂದು ಬೆಲೆಕಟ್ಟಿ ಸುಮ್ಮನಾಗಿದ್ದನು. ಆಂಗ್ಲ ನ್ಯಾಯವು ಆ ಬಡ ಪ್ರಾಣಿಯಿಂದ ಒಂದು ಸಿದ್ಧಾಂತವನ್ನೇ ಪಡೆಯಿತು. ಇಬ್ಬರಲ್ಲಿಯೂ ತಪ್ಪಿದ್ದರೆ ಹಾನಿಯನ್ನು ತಪ್ಪಿನ ಪ್ರಮಾಣದಲ್ಲಿ ಹಂಚಬೇಕೆಂಬ ಸರಳ ವಿವೇಕವು ಇಂಗ್ಲೆಂಡಿನ ಶಾಸನದಲ್ಲಿ ಸೇರಲು 1945ನೆಯ ಇಸವಿಯೇ ಬರಬೇಕಾಯಿತು.

ಈ ನಡುವೆ ಮೋಟಾರು ಬಂದಿತ್ತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಬಳಿ ಹೆಂಗಸೊಬ್ಬಳು ಕಾರಿಗೆ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಕಾರಿನಿಂದ ಮೃತಪಟ್ಟ ಮೊದಲನೆಯ ಪಾದಚಾರಿಯೆಂದು ಅವಳನ್ನು ಎಣಿಸುತ್ತಾರೆ. ಪಂಚಾಯಿತರು ಅದನ್ನು ಆಕಸ್ಮಿಕವೆಂದು ಬರೆದರು. ಆಕಸ್ಮಿಕಗಳು ನಿತ್ಯದವಾದ ಮೇಲೆ, 1930ರಲ್ಲಿ, ಮೂರನೆಯವರಿಗಾಗುವ ಹಾನಿಗೆ ವಿಮೆ ಮಾಡಿಸದೆ ವಾಹನವನ್ನು ರಸ್ತೆಗೆ ತರಕೂಡದೆಂಬ ವಿಧಿಯು ಅಲ್ಲಿ ಹುಟ್ಟಿತು. ಹಿಂದೂಸ್ಥಾನದ 1939ರ ಮೋಟಾರು ವಾಹನ ಕಾಯಿದೆಯ ಎಂಟನೆಯ ಅಧ್ಯಾಯವು ಇದನ್ನು ತೆಗೆದುಕೊಂಡಿತು. ಆದರೆ ಆ ಅಧ್ಯಾಯವು ಜಾರಿಗೆ ಬಂದುದು 1946ರ ಜುಲೈ 1ರಂದು. ವಿಮೆಯಿಂದಾದ ಬದಲಾವಣೆಯು ಸಣ್ಣದಲ್ಲ. ಅಲ್ಲಿಯವರೆಗೆ ತಪ್ಪು ಮಾಡಿದವನೂ ತೆರುವವನೂ ಒಬ್ಬನೇ ಆಗಿದ್ದನು, ಇಲ್ಲವೆ ಆಳೂ ಒಡೆಯನೂ ಆಗಿದ್ದರು. ಈಗ ತೆರುವವನು ರಸ್ತೆಯನ್ನು ಕಾಣದ ಮೂರನೆಯವನಾದನು. ಹಾಗಿದ್ದರೂ, ತಪ್ಪು ರುಜುವಾಗದೆ ಆ ಮೂರನೆಯವನ ಚೀಲವು ಬಿಚ್ಚುತ್ತಿರಲಿಲ್ಲ.

ದಿವಾಣಿ ದಾವೆಯ ವಿಳಂಬವೂ, ಮೊತ್ತಕ್ಕೆ ತಕ್ಕಂತೆ ಏರುವ ಕೋರ್ಟು ಫೀಸೂ ಬಡವರನ್ನು ಬಾಗಿಲಿನಲ್ಲಿಯೇ ತಡೆಯುತ್ತಿದ್ದುದರಿಂದ 1956ರ ತಿದ್ದುಪಾಟು ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಗಳಿಗೆ ಎಡೆಮಾಡಿತು. ನ್ಯಾಯ್ಯವೆಂದು ತೋರಿದ ಪರಿಹಾರವನ್ನು ಈ ಮಂಡಳಿಯು ಕೊಡಬಹುದು. ಸಾಕ್ಷ್ಯದ ಕಟ್ಟುಪಾಡೂ ಸಡಿಲ. ಫೌಜುದಾರಿ ಮೊಕದ್ದಮೆಯಲ್ಲಿ ಸಂದೇಹವುಳಿದರೆ ಚಾಲಕನು ಬಿಡುಗಡೆಯಾಗುವನು. ಮಂಡಳಿಯ ಮುಂದೆ ಯಾವುದು ಹೆಚ್ಚು ಸಂಭವನೀಯವೆಂಬುದಷ್ಟೇ ಪ್ರಶ್ನೆಯು. ಪೋಲೀಸರ ಮಹಜರು, ಸ್ಥಳದ ನಕ್ಷೆ, ವಾಹನ ನಿರೀಕ್ಷಕನ ವರದಿ, ವೈದ್ಯನ ಗಾಯಪತ್ರ ಇವುಗಳೇ ಇಲ್ಲಿ ಮುಖ್ಯ ಆಧಾರಗಳು. ಚಾಲಕನು ಫೌಜುದಾರಿಯಲ್ಲಿ ಪಾರಾದನೆಂಬುದರಿಂದ ಗಾಯಾಳುವಿನ ಅರ್ಜಿಯು ಬೀಳುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಕುಟುಂಬಗಳು ಸುಮ್ಮನೆ ಕುಳಿತಿವೆ. ಕೃತ್ರಿಮದ ಅರ್ಜಿಗಳೂ ಇಲ್ಲದಿಲ್ಲ. ಆದರೆ ಅವುಗಳ ನೆವದಿಂದ ನಿಜವಾದ ಕುಂಟನನ್ನು ಓಡಿಸಲಾಗದು.

ಚಕ್ರವು ಮುರಿದರೆ ಯಾರು ಹೊಣೆ ಎಂಬ ಆ ಹಳೆಯ ಪ್ರಶ್ನೆಯು ಈ ಮಂಡಳಿಗಳಿಂದ ಮೇಲೇರಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. 1977ರಲ್ಲಿ ಎರಡು ತೀರ್ಪುಗಳಾದವು. ಒಂದರಲ್ಲಿ ಕಾರು ದಾರಿ ಬಿಟ್ಟು ಮರಕ್ಕೆ ಬಡಿದಿತ್ತು. ಕಾರು ತಾನಾಗಿ ಮರದ ಮೇಲೆ ಹೋಗುವುದಿಲ್ಲ, ಘಟನೆಯೇ ಸಾಕ್ಷಿ ನುಡಿಯುತ್ತದೆ, ತಪ್ಪಿಲ್ಲವೆಂದು ತೋರಿಸುವ ಭಾರವು ವಾಹನದವರದು ಎಂದು ಅಲ್ಲಿ ತೀರ್ಮಾನವಾಯಿತು. ಎರಡನೆಯದರಲ್ಲಿ ಲಾರಿಯ ಮಾಲೀಕನು ಯಂತ್ರದ ದೋಷವನ್ನು ಮುಂದೊಡ್ಡಿದ್ದನು. ಕಣ್ಣಿಗೆ ಕಾಣದ ದೋಷವೆಂಬುದನ್ನೂ, ತಾನು ತಕ್ಕ ಎಚ್ಚರವೆಲ್ಲವನ್ನೂ ವಹಿಸಿದ್ದೆನೆಂಬುದನ್ನೂ ಅವನೇ ಸಿದ್ಧಪಡಿಸಬೇಕೆಂದು ನ್ಯಾಯಾಲಯವು ಹೇಳಿತು. ಹಗ್ಗವು ಹಳೆಯದೋ ಹೊಸದೋ ಎಂಬ, ಸ್ಮೃತಿಯು ಕೇಳದೆ ಬಿಟ್ಟಿದ್ದ ಪ್ರಶ್ನೆಯು ಇದು. ಆದರೆ ಅದೇ ತೀರ್ಪಿನಲ್ಲಿ, ಅನವಧಾನವು ರುಜುವಾಗದ ಹೊರತು ಪರಿಹಾರವಿಲ್ಲವೆಂಬ ಮಾತೂ ಬಲವಾಗಿ ಬಂದಿತು. ಯಾರೂ ತಪ್ಪುಮಾಡದೆ ಕಾಲು ಹೋದವನಿಗೆ ಆ ಬಾಗಿಲು ಮುಚ್ಚಿಯೇ ಇತ್ತು.

ಅದನ್ನು ಕಿಂಚಿತ್ತಾಗಿ ತೆರೆದುದು 1982ರ ತಿದ್ದುಪಾಟು. ತಪ್ಪಿನ ವಿಚಾರಣೆಯೇ ಇಲ್ಲದೆ ಸಾವಿಗೆ 15,000, ಶಾಶ್ವತವಾದ ಅಂಗವೈಕಲ್ಯಕ್ಕೆ 7,500 ರೂಪಾಯಿಗಳನ್ನು ಅದು ಕೊಡಿಸಿತು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ, ಕನ್ನಡನಾಡಿನ ಇ. ಎಸ್. ವೆಂಕಟರಾಮಯ್ಯನವರು 1987ರಲ್ಲಿ ಗುಜರಾತಿನ ಒಂದು ಮೊಕದ್ದಮೆಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದರು. ವೇಗವಾದ ವಾಹನಗಳು ತುಂಬಿದ ರಸ್ತೆಯಲ್ಲಿ ಚಾಲಕನ ದೋಷವಿಲ್ಲದೆಯೂ ಪಾದಚಾರಿಗಳು ಸಾಯುವುದುಂಟು. ಅಂಥವರ ವಿಷಯದಲ್ಲಿ ಅಪಾಯದ ವಸ್ತುವನ್ನು ರಸ್ತೆಗೆ ತಂದವನೇ ಹೊಣೆಯಾಗುವುದು ನ್ಯಾಯವೆಂಬುದು ಅವರ ಅಭಿಪ್ರಾಯವಾಗಿತ್ತು. ಸತ್ತವನ ಸೋದರನೂ ಪರಿಹಾರ ಕೇಳಬಹುದೆಂದು ಅದೇ ತೀರ್ಪು ಸ್ಪಷ್ಟಪಡಿಸಿತು. 1855ರಲ್ಲಿ ಹೊರಗುಳಿದಿದ್ದ ಅಣ್ಣತಮ್ಮಂದಿರು ಹೀಗೆ ಒಳಗೆ ಬಂದರು.

1988ರ ಹೊಸ ಕಾಯಿದೆಯು ಆ ಮೊತ್ತಗಳನ್ನು 25,000ಕ್ಕೂ 12,000ಕ್ಕೂ, 1994ರ ತಿದ್ದುಪಾಟು 50,000ಕ್ಕೂ 25,000ಕ್ಕೂ ಏರಿಸಿದುವು. 1994ರಲ್ಲಿಯೇ, ವಯಸ್ಸು, ವರಮಾನಗಳನ್ನು ನೋಡಿ ತಪ್ಪನ್ನು ನೋಡದೆ ಪರಿಹಾರ ಕೊಡತಕ್ಕ ಕೋಷ್ಟಕವೊಂದು ಕಾಯಿದೆಗೆ ಅನುಬಂಧವಾಗಿ ಸೇರಿತು. ಆ ಕೋಷ್ಟಕದಲ್ಲಿ ಲೆಕ್ಕದ ತಪ್ಪುಗಳು ಹಲವು ಇದ್ದುವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎತ್ತಿತೋರಿಸಬೇಕಾಯಿತು. ಶಾಲೆಯ ಹುಡುಗನಾದರೆ ಅದಕ್ಕೆ ಬೆಂಚಿನ ಮೇಲೆ ನಿಲ್ಲಬೇಕಾಗುತ್ತಿತ್ತು. 2001ರಲ್ಲಿ ಜೀಪೊಂದರ ಮುಂದಿನ ಟಯರು ಒಡೆದು, ಜೀಪು ಪಾದಚಾರಿಗೆ ಬಡಿದು ಅವನು ಸತ್ತ ಮೊಕದ್ದಮೆಯು ಬಂದಿತು. ಚಾಲಕನ ಅನವಧಾನವೇ ಇಲ್ಲವೆಂದಿಟ್ಟುಕೊಂಡರೂ ಮಾಲೀಕನು ಪರಿಹಾರ ತೆರಬೇಕೆಂದು ಅಲ್ಲಿ ನಿರ್ಣಯವಾಯಿತು. ಮನುವಿನ ಪಟ್ಟಿಯಲ್ಲಿ ಚಕ್ರಭಂಗವು ಬಿಡುಗಡೆಯ ಕಾರಣ. 1977ರಲ್ಲಿ ಅದು ಮಾಲೀಕನು ರುಜುಪಡಿಸಬೇಕಾದ ಸಮಾಧಾನ. 2001ರಲ್ಲಿ, ರುಜುವಾದರೂ ಸಾಲದು.

ಇನ್ನು ಮೊತ್ತದ ಮಾತು. ಸತ್ತವನ ಬೆಲೆಯೆಷ್ಟೆಂದು ಯಾರೂ ಹೇಳಲಾರರು; ಅವನನ್ನು ಆಶ್ರಯಿಸಿದ್ದವರ ನಷ್ಟವೆಷ್ಟೆಂಬುದನ್ನು ಮಾತ್ರ ಎಣಿಸಬಹುದು. ಒಬ್ಬ ನ್ಯಾಯಾಧೀಶನು ಒಂದು ಬಗೆಯಾಗಿ, ಇನ್ನೊಬ್ಬನು ಮತ್ತೊಂದು ಬಗೆಯಾಗಿ ಎಣಿಸುತ್ತಿದ್ದುದನ್ನು ತಡೆದು, 1993ರಲ್ಲಿ ಎಂ. ಎನ್. ವೆಂಕಟಾಚಲಯ್ಯನವರಿದ್ದ ಪೀಠವು ಕೇರಳದ ಮೊಕದ್ದಮೆಯೊಂದರಲ್ಲಿ ‘ಗುಣಕ’ದ ಕ್ರಮವೇ ಸರಿಯೆಂದಿತು. 2009ರಲ್ಲಿ ಆರ್. ವಿ. ರವೀಂದ್ರನ್ ಅವರು ವಯಸ್ಸಿಗೆ ತಕ್ಕ ಗುಣಕಗಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಿದರು. ಹದಿನೈದರಿಂದ ಇಪ್ಪತ್ತೈದು ವರ್ಷದವರಿಗೆ 18. ಅಲ್ಲಿಂದ ಇಳಿಯುತ್ತ ಹೋಗಿ ಅರವತ್ತೈದು ಮೀರಿದವರಿಗೆ 5. ಭವಿಷ್ಯದಲ್ಲಿ ಏರಬಹುದಾಗಿದ್ದ ವರಮಾನಕ್ಕೆ ಎಷ್ಟು ಸೇರಿಸಬೇಕೆಂಬುದನ್ನು 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಗೊತ್ತುಮಾಡಿತು.

ಇದರ ನಡೆಯನ್ನು ಒಂದು ಕಲ್ಪಿತ ಕುಟುಂಬದಿಂದ ತಿಳಿಯಬಹುದು. ಮೂವತ್ತನಾಲ್ಕು ವರ್ಷದ ಬಡಗಿ. ತಿಂಗಳಿಗೆ 12,000 ರೂಪಾಯಿ ಸಂಪಾದನೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನು ನಂಬಿದವರು. ವರ್ಷದ ವರಮಾನ 1,44,000. ನಲವತ್ತರೊಳಗಿನ ಸ್ವತಂತ್ರ ಕಸಬಿನವನಾದುದರಿಂದ ನೂರಕ್ಕೆ 40ರಂತೆ ಸೇರಿಸಿದರೆ 2,01,600. ನಾಲ್ವರು ಆಶ್ರಿತರಿರುವುದರಿಂದ ಅವನ ಸ್ವಂತ ಖರ್ಚಿಗೆಂದು ಕಾಲುಭಾಗವನ್ನು ಕಳೆದರೆ 1,51,200. ಆ ವಯಸ್ಸಿನ ಗುಣಕವು 16, ಗುಣಿಸಿದರೆ 24,19,200. ಅವನು ಇನ್ನೂ ಇಪ್ಪತ್ತಾರು ವರ್ಷ ದುಡಿಯಬಹುದಾಗಿದ್ದರೂ ಗುಣಕವು ಹದಿನಾರೇ ಆಗಿರುವುದೇಕೆಂದರೆ, ಒಟ್ಟಿಗೆ ಬಂದ ಹಣಕ್ಕೆ ಬಡ್ಡಿಯುಂಟು, ಬದುಕಿಗೆ ಭರವಸೆಯಿಲ್ಲ. ಇದರ ಮೇಲೆ ಅಂತ್ಯಕ್ರಿಯೆಗೂ ಎಸ್ಟೇಟಿನ ನಷ್ಟಕ್ಕೂ 15,000ದಂತೆ, ಸಾಂಗತ್ಯದ ಹಾನಿಗೆ 40,000 ಎಂದು 2017ರಲ್ಲಿ ಗೊತ್ತಾಯಿತು. ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ಇವು ಏರಬೇಕು. ಸಾಂಗತ್ಯವೆಂದರೆ ಹೆಂಡತಿಯದಷ್ಟೇ ಅಲ್ಲ, ತಂದೆಯಿಲ್ಲದ ಮಕ್ಕಳದೂ ಮಗನಿಲ್ಲದ ತಾಯಿಯದೂ ಹೌದೆಂದು 2018ರಲ್ಲಿ ಒಪ್ಪಲಾಯಿತು. ಸಂಬಳದ ಚೀಟಿಯಿಲ್ಲದ ಬಡಗಿಯ 12,000ವನ್ನು ಸಿದ್ಧಪಡಿಸುವುದೆಂತು ಎಂಬಲ್ಲಿಯೇ ಅರ್ಧ ಹೋರಾಟವು ಕಳೆಯುತ್ತದೆ.

ಬದುಕಿ ಉಳಿದವನ ಲೆಕ್ಕವು ಇನ್ನೂ ಸೂಕ್ಷ್ಮ. ವೈದ್ಯನು ನೂರಕ್ಕೆ ಅರವತ್ತು ವೈಕಲ್ಯವೆಂದು ಬರೆದರೆ ಸಂಪಾದನೆಯ ನಷ್ಟವೂ ನೂರಕ್ಕೆ ಅರವತ್ತೇ ಎಂದು ತಿಳಿಯತಕ್ಕದ್ದಲ್ಲವೆಂದು 2010ರಲ್ಲಿ ಅದೇ ರವೀಂದ್ರನ್ ಅವರು ವಿವರಿಸಿದರು. ಎಡಗೈಯನ್ನು ಕಳೆದುಕೊಂಡ ಚಾಲಕನಿಗೋ ಬಡಗಿಗೋ ಕಸಬು ಪೂರ್ತಿಯಾಗಿ ಹೋದಂತೆಯೇ. ಸರ್ಕಾರಿ ಗುಮಾಸ್ತನ ಕೆಲಸವು ಅದೇ ಕೈ ಹೋದರೂ ಉಳಿಯಬಹುದು. ಆದಕಾರಣ ಗಾಯವನ್ನು ನೋಡಿ ಅಲ್ಲಿಗೇ ನಿಲ್ಲದೆ, ಗಾಯಗೊಂಡವನು ಯಾವ ಕೆಲಸದವನೆಂದು ನೋಡಬೇಕು. ಚಿಕಿತ್ಸೆ, ಮುಂದಿನ ಶಸ್ತ್ರಕ್ರಿಯೆ, ಆರೈಕೆ, ನೋವು, ಕಳೆದುಹೋದ ಸುಖ ಇವುಗಳಿಗೆ ಬೇರೆ ಬೇರೆ ಲೆಕ್ಕ. ಹಳೆಯ ಸಮುತ್ಥಾನವ್ಯಯವು ಇಲ್ಲಿ ಕವಲೊಡೆದು ಮರವಾಗಿದೆ. ವರಮಾನವೇ ಇಲ್ಲದವಳೆಂದು ಎಣಿಸಲ್ಪಡುತ್ತಿದ್ದ ಗೃಹಿಣಿಯ ದುಡಿಮೆಗೆ ತಕ್ಕ ಬೆಲೆ ಕಟ್ಟಬೇಕೆಂದು 2010ರಲ್ಲಿಯೂ 2021ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಹೇಳಿದುದು ತಡವಾದರೂ ಯುಕ್ತವೇ. ನಸುಕಿನಿಂದ ನಡುರಾತ್ರಿಯವರೆಗೆ ದುಡಿಯುವವಳು ಕೋಷ್ಟಕದಲ್ಲಿ ಗಂಡನ ಮೂರರಲ್ಲೊಂದು ಪಾಲಾಗಿ ಬಹುಕಾಲ ನಿಂತಿದ್ದಳು.

ಆ ಬಡಗಿಯೂ ತಪ್ಪುಪಕ್ಕದಲ್ಲಿ ಬಂದಿದ್ದನೆಂದು, ಅವನ ಪಾಲು ನೂರಕ್ಕೆ 25 ಎಂದು ನಿರ್ಣಯವಾದರೆ 24,19,200ರಲ್ಲಿ 6,04,800 ಕಳೆದುಹೋಗಿ 18,14,400 ಉಳಿಯುತ್ತದೆ. ಎಲೆನ್‌ಬರೋ ಪ್ರಭುವಿನ ಮುಂದೆಯಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ. ವಿಮೆಯವರು ಈ ಕಾಲುಭಾಗಕ್ಕಾಗಿಯೇ ಹೆಚ್ಚಾಗಿ ವಾದಿಸುವುದು. ಆದರೆ ಯಾವುದಾದರೊಂದು ನಿಯಮವನ್ನು ಮುರಿದನೆಂಬಷ್ಟೇ ಸಾಲದು. ಅದು ಅಪಘಾತಕ್ಕೆ ಕಾರಣವಾಗಿರಬೇಕು. ಬೈಸಿಕಲ್ಲಿನಂತಹ ಮೋಟಾರುಬಂಡಿಯಲ್ಲಿ ಮೂವರು ಕುಳಿತಿದ್ದುದು ನಿಯಮಬಾಹಿರವಾದರೂ, ಹಿಂದಿನಿಂದ ಬಂದು ಬಡಿದ ಕಾರಿನ ತಪ್ಪನ್ನು ಅದು ಹಂಚಿಕೊಳ್ಳುವುದಿಲ್ಲವೆಂದು 2020ರಲ್ಲಿ ತೀರ್ಪಾಗಿದೆ. ಎರಡು ವಾಹನಗಳ ತಪ್ಪಿನಿಂದ ಮೂರನೆಯವನಿಗೆ ಗಾಯವಾದರೆ ಅವನು ಯಾರೊಬ್ಬರಿಂದಲೂ ಪೂರ್ತಿಯಾಗಿ ವಸೂಲು ಮಾಡಬಹುದೆಂಬುದು 2015ರ ನಿರ್ಣಯ. ಅವರಿಬ್ಬರ ಪಾಲುಪಂಚಾಯಿತಿ ಗಾಯಾಳುವಿಗೆ ಸೇರಿದುದಲ್ಲ.

2019ರ ತಿದ್ದುಪಾಟಿನ ಈ ಭಾಗವು 2022ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಹಳೆಯ ಕೋಷ್ಟಕದ ಕಲಮು ಹೋಗಿ, ತಪ್ಪಿನ ವಿಚಾರಣೆಯಿಲ್ಲದೆ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಎಂಬ ನಿಯಮವು ಬಂದಿತು. ಅದಕ್ಕಿಂತ ಹೆಚ್ಚು ಬೇಕೆನ್ನುವವರು 166ನೆಯ ಕಲಮಿನಲ್ಲಿ ತಪ್ಪನ್ನು ರುಜುಪಡಿಸುವ ಹಾದಿಯನ್ನೇ ಹಿಡಿಯಬೇಕು. 1994ರಲ್ಲಿ ತೆಗೆದುಹಾಕಿದ್ದ ಆರು ತಿಂಗಳ ಗಡುವು ಅದೇ ದಿನ ಮರಳಿ ಬಂದಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋದವು. ಆಸ್ಪತ್ರೆಯ ಮಂಚದಲ್ಲಿ ಮಲಗಿದವನಿಗೆ ಆರು ತಿಂಗಳು ಎಷ್ಟರ ಕಾಲ? 2025ರಲ್ಲಿ, ಅಪಘಾತವಾದಂದಿನಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ಚಿಕಿತ್ಸೆಯನ್ನು ಗಾಯಾಳುವಿನಿಂದ ಹಣ ಕೇಳದೆ ಕೊಡತಕ್ಕ ಯೋಜನೆಯನ್ನು ಕೇಂದ್ರ ಸರ್ಕಾರವು ಪ್ರಕಟಿಸಿತು. ಮೊದಲು ಎಬ್ಬಿಸು, ತಪ್ಪನ್ನು ಆಮೇಲೆ ವಿಚಾರಿಸು ಎಂಬ ಕ್ರಮವು ಇಷ್ಟರ ಮಟ್ಟಿಗೆ ಶಾಸನದಲ್ಲಿ ಬಂದಿದೆ.

2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಡಿಕ್ಕಿ ಹೊಡೆದು ನಿಲ್ಲದೆ ಓಡಿಹೋಗುವ ವಾಹನಗಳು ಪ್ರತಿವರ್ಷವೂ ಇರುತ್ತವೆ. ವಾಹನವು ಯಾವುದೆಂದು ತಿಳಿಯದ ಮೇಲೆ ಚಾಲಕನಿಲ್ಲ, ಒಡೆಯನಿಲ್ಲ, ವಿಮೆಯವನಿಲ್ಲ, ತಪ್ಪಿದೆ, ತಪ್ಪಿತಸ್ಥನಿಲ್ಲ. ಇಂತಹ ಸಾವಿಗೆ 1982ರಲ್ಲಿ 5,000, 1988ರ ಕಾಯಿದೆಯಲ್ಲಿ 8,500, 1994ರಲ್ಲಿ 25,000 ಎಂದಿದ್ದುದು 2022ರಿಂದ ಎರಡು ಲಕ್ಷವಾಗಿದೆ. ತೀವ್ರ ಗಾಯಕ್ಕೆ 50,000. ಮೇಲೆ ಹೇಳಿದ ಬಡಗಿಯು ಇಂತಹ ಒಂದು ಅಜ್ಞಾತ ವಾಹನಕ್ಕೆ ಸಿಕ್ಕಿದ್ದಾದರೆ, ಆ ಹೆಂಡತಿಗೂ ಇಬ್ಬರು ಮಕ್ಕಳಿಗೂ ತಾಯಿಗೂ ಇಪ್ಪತ್ತನಾಲ್ಕು ಲಕ್ಷದ ಲೆಕ್ಕವು ಸಲ್ಲುವುದಿಲ್ಲ. ಕಂದಾಯ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಅವರು ಈ ಎರಡು ಲಕ್ಷವನ್ನು ಪಡೆಯಬಹುದು.